ಕಾಫಿ ತೋಟದ ನಡುವೆ ಜಪಾನಿ ಊಟ: ಹುಟ್ಟುಹಬ್ಬಕ್ಕೆ ಹೋಗುವವರಿಗೆ

ಚಿಕ್ಕಮಗಳೂರಿನ ಈ ರೆಸಾರ್ಟ್ ರೆಸ್ಟೋರೆಂಟಿನಲ್ಲಿ ಹುಟ್ಟುಹಬ್ಬ ಮಾಡುವುದಾದರೆ ಊಟದ ಹಾಲ್‌ನಲ್ಲಿ ಮೇಜು ಬೇಡ, ಸುಶಿ ಕೌಂಟರನ್ನೇ ಕೇಳಿ. ಕಾರಣ ಅನ್ನ. ನಿಗಿರಿಯ, ಅಂದರೆ ಅನ್ನದ ಉಂಡೆ ಮೇಲೆ ಮೀನಿಟ್ಟ ಸುಶಿಯ, ವಿನೆಗರ್ ಅನ್ನ ಮೈಬಿಸಿಯಷ್ಟು ಬೆಚ್ಚಗಿರಬೇಕು. ಫ್ರಿಜ್ಜಿಗೆ ಹೋದರೆ ಪಿಷ್ಟ ಬಿಗಿದು ಅಗುಳು ಗಟ್ಟಿಯಾಗುತ್ತದೆ. ಇಲ್ಲಿನ ಕೌಂಟರಿನಲ್ಲಿ ಅದು ಸರಿಯಾಗಿದೆ: ಕೈಯಲ್ಲಿ ಹಿಡಿದರೆ ಒಡೆಯದು, ಬಾಯಿಗಿಟ್ಟರೆ ಬಿಡಿಬಿಡಿ. ಸೋಯಾ ಸಾಸಿಗೆ ಮೀನಿನ ಬದಿಯನ್ನಷ್ಟೇ ತಾಗಿಸಿ, ಅನ್ನ ಅದ್ದಿದರೆ ಉದುರಿ ಬಟ್ಟಲಲ್ಲೇ ಉಳಿಯುತ್ತದೆ.

ಸೋತಿರುವುದು ನೋರಿಯಲ್ಲಿ, ಸುಶಿ ಸುತ್ತುವ ಒಣ ಹಾಳೆಯಲ್ಲಿ. ಮಲೆನಾಡಿನ ಮಳೆಗಾಲಕ್ಕೆ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಕಡಲಪಾಚಿಯ ಹಾಳೆ ಕೇಳಬೇಕೆ? ಅದರಲ್ಲಿ ಸುತ್ತಿದ ಹ್ಯಾಂಡ್‌ರೋಲ್ ಮೇಜಿಗೆ ಬರುವಷ್ಟರಲ್ಲಿ ಹಲ್ಲಿಗೆ ಜಗ್ಗುತ್ತದೆ. ಕೌಂಟರಿನಲ್ಲಿ ನೇರ ಕೈಗೆ ಕೊಟ್ಟದ್ದು ಗರಿಗರಿ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ದಾಶಿಯ, ಅಂದರೆ ಜಪಾನಿ ಅಡುಗೆಯ ಮೂಲ ಸಾರಿನ, ಬಗ್ಗೆ ಕೇಳಿ. ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿನಲ್ಲಿ ತೋಫು, ಈರುಳ್ಳಿ ಸೊಪ್ಪು ಮಾತ್ರ ಕಂಡರೂ ಅದರ ದಾಶಿ ಸಾಮಾನ್ಯವಾಗಿ ಒಣಮೀನಿನದು. ಕೊಂಬು ಎಂಬ ಕಡಲಪಾಚಿ, ಒಣ ಶಿಟಾಕೆ ಅಣಬೆಯ ದಾಶಿಗೆ ಗಂಟೆಗಟ್ಟಲೆ ನೆನೆಸಬೇಕು, ನಿಂತ ಕಾಲಲ್ಲಿ ಆಗದು. ಹಿಂದಿನ ದಿನ ಹೇಳಿದರೆ ಇಲ್ಲಿ ಮಾಡಿಕೊಡುತ್ತಾರೆ. ಜೊತೆಗೆ ಸೆಕಿಹಾನ್ ಹೇಳಿಡಿ: ಅಜುಕಿ ಕಾಳಿನ ಕೆಂಪು ಹತ್ತಿದ ಅಂಟಕ್ಕಿ ಅನ್ನ, ಜಪಾನಿನಲ್ಲಿ ಶುಭದಿನಕ್ಕೆ ಮಾಡುವಂಥದ್ದು. ಫೋಟೋಗೆಂದು ಅದರಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬೇಡಿ, ಅಲ್ಲಿ ಅದು ತೀರಿಕೊಂಡವರಿಗೆ ಎಡೆ ಇಡುವ ರೀತಿ.