ಬೈಬಲ್ ಕಾಲೇಜಿಗೆ ಸೇರಿಸುವ ಮುಂಚೆ, ಅಲ್ಲಿ ರಶೀದಿ ಬರೆದವಳ ಮಾತು ಕೇಳಿ

ಹಾಸನದ ಹತ್ತಿರ ಒಂದು ಸಣ್ಣ ಬೈಬಲ್ ಕಾಲೇಜಿನ ಆಫೀಸಿನಲ್ಲಿ ನಾನು ಹದಿನಾಲ್ಕು ತಿಂಗಳು ಕೆಲಸ ಮಾಡಿದೆ. ಅಡ್ಮಿಶನ್ ಫಾರಂ ತುಂಬಿಸುವುದು, ರಶೀದಿ ಬರೆಯುವುದು, ಫೋನ್ ಎತ್ತುವುದು, ಇಷ್ಟೇ ಕೆಲಸ. ಕಾಲೇಜಿನ ಹೆಸರು ಹೇಳುವುದಿಲ್ಲ. ನನ್ನ ಮಾತು ನಂಬಿ ನಮ್ಮ ಚಿಕ್ಕಮ್ಮ ಮಗನನ್ನು ಅಲ್ಲಿಗೆ ಸೇರಿಸಿದರು. ಹುಡುಗನ ಮೂರು ವರ್ಷ ಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಲೇಜು ಅಂದರೆ ಒಂದು ಬಾಡಿಗೆ ಮನೆ. ಮೇಲೆ ಎರಡು ಕ್ಲಾಸ್ ರೂಮು, ಕೆಳಗೆ ಪ್ರಾರ್ಥನೆಯ ಹಾಲು, ಹಿಂದೆ ಶೀಟು ಹೊದಿಸಿದ ಹಾಸ್ಟೆಲ್. ಇಪ್ಪತ್ತಾರು ಹುಡುಗರಿದ್ದರು. ಜಾಸ್ತಿ ಜನ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು, ಕಾಫಿ ತೋಟದ ಲೈನ್ ಮನೆಗಳಿಂದ ಬಂದವರು. ಅವರಲ್ಲಿ ಹೆಚ್ಚಿನವರು ತಮ್ಮ ಮನೆಯಲ್ಲಿ ಪಿಯುಸಿ ದಾಟಿದ ಮೊದಲ ಮಕ್ಕಳು. ದೇವರ ಸೇವೆಯೂ ಆಯಿತು, ಡಿಗ್ರಿಯೂ ಆಯಿತು ಅಂತ ಅಪ್ಪ ಅಮ್ಮ ಸಾಲ ಮಾಡಿ ಕಳಿಸಿದ್ದರು.

ಇನ್ನು ಆಡಳಿತದ ವಿಷಯ. ಅಧ್ಯಕ್ಷರು ಬಿಷಪ್, ಜೊತೆಗೆ ಡಾಕ್ಟರ್. ಯಾವ ಸಭೆಯ, ಅಂದರೆ ಯಾವ ಚರ್ಚಿನ, ಬಿಷಪ್ ಅಂತ ಕೇಳಿದರೆ, ಆ ಸಭೆ ಶುರು ಮಾಡಿದವರೂ ಅವರೇ. ಡಾಕ್ಟರೇಟ್ ಚೆನ್ನೈನ ಒಂದು ಹೋಟೆಲ್ ಹಾಲಿನಲ್ಲಿ ಸಿಕ್ಕಿದ್ದು, ಗೌನು ಹಾಕಿದ ಫೋಟೊ ಆಫೀಸಿನ ಗೋಡೆಯ ಮೇಲಿತ್ತು. ಅವರ ಹೆಂಡತಿ ಖಜಾಂಚಿ. ದೊಡ್ಡ ಮಗ ರಿಜಿಸ್ಟ್ರಾರ್. ಸೊಸೆ ವಾರ್ಡನ್. ಭಾವಮೈದ ಡೀನ್, ಕಾಲೇಜಿನ ವ್ಯಾನ್ ಓಡಿಸುತ್ತಿದ್ದವರೂ ಅವರೇ. ವ್ಯಾನನ್ನು ಮಾತ್ರ ಚೆನ್ನಾಗಿ ಓಡಿಸುತ್ತಿದ್ದರು, ಸುಳ್ಳು ಹೇಳಬಾರದು.

ವರ್ಷಕ್ಕೆ ಎರಡು ಸಲ ಆಡಳಿತ ಮಂಡಳಿಯ ನಡಾವಳಿ ಬರೆಯುವ ಕೆಲಸ ನನ್ನದು. ಏಳು ಜನ ಹಾಜರಿದ್ದರು ಅಂತ ಬರೆಯಬೇಕಿತ್ತು. ಆ ಏಳರಲ್ಲಿ ಇಬ್ಬರ ಮುಖವನ್ನು ನಾನು ಹದಿನಾಲ್ಕು ತಿಂಗಳಲ್ಲಿ ಒಂದು ಸಲವೂ ಕಂಡಿಲ್ಲ. ಸಭೆ ಯಾವಾಗ ನಡೆಯಿತು ಸರ್ ಅಂತ ರಿಜಿಸ್ಟ್ರಾರನ್ನು ಕೇಳಿದೆ. ‘ನಿನ್ನೆ ರಾತ್ರಿ ಊಟ ಮಾಡುವಾಗ ಮಾತಾಡಿದೆವು ಸಿಸ್ಟರ್, ಬರೀರಿ’ ಅಂದರು. ಬರೆದೆ. ನನ್ನ ತಪ್ಪೂ ಇದೆ, ಇಲ್ಲ ಅನ್ನುವುದಿಲ್ಲ.

ಹೊರಗಿನವರು ಅಂತ ಇದ್ದದ್ದು ಪ್ರಿನ್ಸಿಪಾಲರು ಒಬ್ಬರೇ. ವಯಸ್ಸಾದ ಮೇಷ್ಟ್ರು, ನಿಜವಾಗಿ ಓದಿಕೊಂಡವರು. ಗ್ರೀಕ್ ಅಕ್ಷರಗಳನ್ನು ಬೋರ್ಡಿನ ಮೇಲೆ ಬರೆದು ಹುಡುಗರ ಕೈ ಹಿಡಿದು ತಿದ್ದಿಸುತ್ತಿದ್ದರು. ಹಾಸ್ಟೆಲ್ ದುಡ್ಡಿನ ಲೆಕ್ಕ ಕೊಡಿ ಅಂತ ಅವರು ಒಂದು ಪತ್ರ ಬರೆದರು. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ, ಹುಡುಗರೆಲ್ಲರ ಎದುರಿಗೆ, ಅಭಿಷೇಕ ಹೊಂದಿದವರ ಮೇಲೆ ಗೊಣಗುವವರಿಗೆ ಏನಾಗುತ್ತದೆ ಅಂತ ಒಂದು ಗಂಟೆ ಉಪದೇಶ ನಡೆಯಿತು. ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಆ ವಾರವೇ ಮೇಷ್ಟ್ರು ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿಕೊಂಡು ಹೊರಟುಹೋದರು. ಅವರು ಹೋದ ಮೇಲೂ ಆರು ತಿಂಗಳು ಮಾರ್ಕ್ಸ್ ಕಾರ್ಡಿನ ಮೇಲೆ ಅವರ ರಬ್ಬರ್ ಸೀಲೇ ಬೀಳುತ್ತಿತ್ತು.

ಅಲ್ಲಿ ಏನು ಕೇಳಿದರೂ ಉತ್ತರ ಒಂದೇ, ಪ್ರಾರ್ಥನೆ ಮಾಡೋಣ. ಸಂಬಳ ಮೂರು ತಿಂಗಳು ತಡವಾದರೂ ಅದೇ, ಅನ್ನಕ್ಕೆ ಸಾರು ಸಾಲದಿದ್ದರೂ ಅದೇ. ನಾನೂ ನಂಬಿಕೆಯವಳೇ. ಪ್ರಾರ್ಥನೆಯ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕ ಕೇಳಿದಾಗ ಕಣ್ಣು ಮುಚ್ಚಿಕೊಳ್ಳುವವರ ಮೇಲೆ ಸಿಟ್ಟು.

ರಶೀದಿಯ ವಿಷಯ ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಫೀಸು ತಗೊಂಡರೂ ರಶೀದಿಯಲ್ಲಿ ‘ಶುಲ್ಕ’ ಅಂತ ಬರೆಯುವ ಹಾಗಿರಲಿಲ್ಲ. ‘ಕಾಣಿಕೆ’ ಅಂತ ಬರೆಯಬೇಕಿತ್ತು. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ. ಒಬ್ಬ ಹುಡುಗ ಎರಡೇ ತಿಂಗಳಿಗೆ ಬಿಟ್ಟು ಹೋಗುತ್ತೇನೆ ಅಂದ. ಅವರಪ್ಪ ದುಡ್ಡು ವಾಪಸ್ ಕೇಳಿದರು. ಖಜಾಂಚಿ ಅಮ್ಮ ರಶೀದಿ ತೋರಿಸಿ, ‘ದೇವರಿಗೆ ಕೊಟ್ಟ ಕಾಣಿಕೆ ವಾಪಸ್ ಕೇಳ್ತಾರಾ ಅಣ್ಣ?’ ಅಂದರು. ಆ ಮನುಷ್ಯ ತಲೆ ತಗ್ಗಿಸಿ ಹೋದ. ಆಗ ಹೊಳೆಯಿತು. ನಾನು ಕೆಲಸ ಬಿಟ್ಟಿದ್ದು ಅದಾದ ಮೇಲೆ. ತಮ್ಮನನ್ನೂ ಅವತ್ತೇ ಬಿಡಿಸಬೇಕಿತ್ತು. ಅರ್ಧ ಆಗಿದೆ, ಮುಗಿಸಲಿ ಬಿಡು ಅಂತ ಚಿಕ್ಕಮ್ಮ ಅಂದರು, ನಾನೂ ಸುಮ್ಮನಾದೆ.

ತಮ್ಮ ಮೂರು ವರ್ಷ ಮುಗಿಸಿದ. ಬಿ.ಟಿಎಚ್., ಅಂದರೆ ಕ್ರೈಸ್ತ ಧರ್ಮಶಾಸ್ತ್ರದ ಡಿಗ್ರಿ, ಅಂತ ಬಂಗಾರದ ಅಂಚಿನ ಸರ್ಟಿಫಿಕೇಟ್ ಬಂತು. ಎಂ.ಎ. ಮಾಡುತ್ತೇನೆ ಅಂತ ಹಾಸನದ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿಗೆ ಹೋದ, ಜೊತೆಗೆ ನಾನೂ ಹೋಗಿದ್ದೆ. ಕೌಂಟರಿನಲ್ಲಿದ್ದವರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ, ‘ಯಾವ ಯೂನಿವರ್ಸಿಟಿದಪ್ಪ ಇದು?’ ಅಂದರು. ಇವನು ಕಾಲೇಜಿನ ಹೆಸರು ಹೇಳಿದ. ‘ಅದು ಕಾಲೇಜಾಯ್ತು, ಯೂನಿವರ್ಸಿಟಿ ಯಾವುದು?’ ಅಂತ ಮತ್ತೆ ಕೇಳಿದರು. ಇವನು ನನ್ನ ಮುಖ ನೋಡಿದ.

ಆಮೇಲೆ ನಾನೇ ಓದಿ ತಿಳಿದುಕೊಂಡಿದ್ದು ಇದು. 1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ಕಾಯ್ದೆಯ ಮೂಲಕ ಹುಟ್ಟಿದ ವಿಶ್ವವಿದ್ಯಾಲಯಕ್ಕೆ, ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮಾನ ಅಂತ ಸರ್ಕಾರ ಘೋಷಿಸಿದ) ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆಗೆ. ಮೀರಿದವರಿಗೆ ಶಿಕ್ಷೆ ಏನು ಗೊತ್ತಾ? ಅದೇ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಸಾವಿರ ರೂಪಾಯಿವರೆಗೆ ದಂಡ. ತಮ್ಮನ ಒಂದು ತಿಂಗಳ ಮೆಸ್ ಬಿಲ್ಲೇ ಅದಕ್ಕಿಂತ ಜಾಸ್ತಿ ಇತ್ತು.

ಹಾಗಂತ ಬೈಬಲ್ ಕಾಲೇಜುಗಳೆಲ್ಲ ಮೋಸ ಅಂತ ತಿಳಿಯಬೇಡಿ. ಸಭಾಪಾಲಕರನ್ನು, ಅಂದರೆ ಪಾಸ್ಟರುಗಳನ್ನು, ತಯಾರು ಮಾಡುವ ಶಾಲೆ ನಡೆಸುವುದು ತಪ್ಪಲ್ಲ. ಅದಕ್ಕೆ ‘ಡಿಗ್ರಿ’ ಅಂತ ಹೆಸರಿಟ್ಟು ದುಡ್ಡು ಕೇಳುವುದು ತಪ್ಪು. ಬಂಗಾಳದ ಸೆರಾಂಪುರ ಕಾಲೇಜನ್ನೇ ನೋಡಿ. ವಿಲಿಯಂ ಕೇರಿ ಮತ್ತು ಜೊತೆಯವರು 1818ರಲ್ಲಿ ಶುರು ಮಾಡಿದ್ದು. ಆಗ ಆ ಊರು ಡೆನ್ಮಾರ್ಕಿನವರ ಕೈಯಲ್ಲಿತ್ತು. 1827ರಲ್ಲಿ ಅಲ್ಲಿನ ರಾಜ ಪದವಿ ಕೊಡುವ ಸನ್ನದು ಕೊಟ್ಟ, 1918ರಲ್ಲಿ ಅದರ ಹೆಸರಲ್ಲೇ ಒಂದು ಕಾಯ್ದೆಯೂ ಆಯಿತು. ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಇವೆಲ್ಲ ಆ ಸೆರಾಂಪುರ ಸೆನೆಟ್ಟಿಗೆ, ಅಂದರೆ ಅಲ್ಲಿನ ಪದವಿ ಕೊಡುವ ಮಂಡಳಿಗೆ, ಸೇರಿದವು. ಆ ಪದವಿಯನ್ನೂ ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪಿಕೊಳ್ಳುತ್ತವೆ ಅಂತ ನಂಬಿ ಕೂರಬೇಡಿ. ಮುಂದೆ ಎಂ.ಎ. ಮಾಡುವ ಆಸೆ ಇದ್ದರೆ, ಮಾಡಬೇಕೆಂದಿರುವ ಕಡೆ ಮೊದಲೇ ಕೇಳಿಕೊಳ್ಳಿ. ನಮ್ಮ ಕಾಲೇಜಿನ ಪ್ರಾಸ್ಪೆಕ್ಟಸ್ಸಿನಲ್ಲಿ ‘ಅಂತರರಾಷ್ಟ್ರೀಯ ಮಾನ್ಯತೆ’ ಅಂತಿತ್ತು. ಯಾರು ಕೊಟ್ಟ ಮಾನ್ಯತೆ ಅಂತ ಒಬ್ಬ ತಂದೆಯೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ತಮ್ಮನ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳು ಕಾಲೇಜಿನ ಬೀರುವಿನಲ್ಲೇ ಇದ್ದವು. ಪದವಿ ಸಮಾರಂಭದ ಖರ್ಚು ಹದಿನೆಂಟು ಸಾವಿರ ಬಾಕಿ, ಕಟ್ಟಿ ತಗೊಂಡು ಹೋಗಿ ಅಂದರು. ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಆದರೆ ಅದು ಯುಜಿಸಿ ವ್ಯಾಪ್ತಿಯ ಕಾಲೇಜುಗಳಿಗೆ. ಇವರು ಆ ವ್ಯಾಪ್ತಿಯಲ್ಲೇ ಇಲ್ಲವಲ್ಲ! ಕೊನೆಗೆ ಚಿಕ್ಕಪ್ಪ ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟರು. ಠಾಣೆಯಿಂದ ಒಂದು ಫೋನ್ ಹೋಯಿತು. ಸಂಜೆಯೊಳಗೆ ಡೀನ್ ಸಾಹೇಬರು ಅದೇ ವ್ಯಾನಿನಲ್ಲಿ ಬಂದು ಕಾರ್ಡು ಕೊಟ್ಟು ಹೋದರು.

ಮಕ್ಕಳನ್ನು ಕಳಿಸುವ ಯೋಚನೆ ಇದ್ದರೆ, ಮೊದಲು ಹಿಂದಿನ ವರ್ಷ ಪಾಸಾದವರ ಸರ್ಟಿಫಿಕೇಟಿನ ಜೆರಾಕ್ಸ್ ಕೇಳಿ. ಅದರ ಮೇಲೆ ಯಾರ ಹೆಸರಿದೆ ನೋಡಿ. ಸಂಸ್ಥೆ ಸೊಸೈಟಿಯೋ ಟ್ರಸ್ಟೋ ಕೇಳಿ. ಸೊಸೈಟಿಯಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಆಡಳಿತ ಮಂಡಳಿಯವರ ಪಟ್ಟಿ ಸಲ್ಲಿಸಬೇಕು. ಆ ಪಟ್ಟಿಯಲ್ಲಿ ಎಲ್ಲರೂ ಒಂದೇ ಮನೆಯವರಾದರೆ, ನಾಳೆ ನಿಮಗೆ ಜಗಳ ಬಂದಾಗ ದೂರು ಹೇಳಲು ಹೋಗುವುದೂ ಅದೇ ಮನೆಗೆ. ವಿದೇಶದವರು ಬಂದು ಹುಡುಗರ ಫೋಟೊ ತೆಗೆದುಕೊಂಡು ಹೋಗುವ ಕಡೆ ಇನ್ನೊಂದು ಪ್ರಶ್ನೆ ಕೇಳಿ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ನೋಂದಣಿ ಇದೆಯಾ ಅಂತ. 2020ರ ತಿದ್ದುಪಡಿ ಆದ ಮೇಲೆ ವಿದೇಶಿ ದೇಣಿಗೆ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮಲ್ಲೂ ಅಂಥ ಫೋಟೊ ತೆಗೆಯುತ್ತಿದ್ದರು. ದುಡ್ಡು ಬಂದದ್ದನ್ನು ನಾನು ಕಣ್ಣಾರೆ ನೋಡಿಲ್ಲ, ಹಾಗಾಗಿ ಆ ಆರೋಪ ಮಾಡುವುದಿಲ್ಲ. ಒರಿಜಿನಲ್ ಮಾತ್ರ ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ತನ್ನಿ.

ತಮ್ಮ ಈಗ ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು, ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಬಿ.ಎ. ಮೊದಲ ವರ್ಷ ಕಟ್ಟಿದ್ದಾನೆ. ಮೊನ್ನೆ ಬೇಲೂರು ರಸ್ತೆಯಲ್ಲಿ ಬಸ್ಸಿನಿಂದ ಆ ಕಾಲೇಜಿನ ಬ್ಯಾನರ್ ನೋಡಿದೆವು. ಅಡ್ಮಿಶನ್ ಶುರುವಾಗಿದೆ. ಈ ವರ್ಷದಿಂದ ಎಂ.ಟಿಎಚ್. ಕೂಡ ಕೊಡುತ್ತಾರಂತೆ.