ಮೂರು ಕೆಲಸಕ್ಕೆ ಒಂದೇ ಸಾಫ್ಟ್‌ವೇರೋ, ಮೂರೋ?

ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಐಎಸ್‌ಒ 6400ರಷ್ಟು ಏರಿಸಿ ತೆಗೆದ ಒಂದು ಹಕ್ಕಿಯ ಚಿತ್ರ, ಅಜ್ಜಿಯ ಹಳೆಯ ಫೋಟೋದ ಪುಟ್ಟ ಸ್ಕ್ಯಾನ್. ಇವೆರಡನ್ನೂ ಎರಡೆರಡು ಸಲ ತಿದ್ದಿ ನೋಡಿದೆ. ಒಮ್ಮೆ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು ಚುಕ್ಕೆ) ತೆಗೆಯುವುದು, ಶಾರ್ಪ್ ಮಾಡುವುದು, ದೊಡ್ಡದು ಮಾಡುವುದು ಮೂರೂ ಇರುವ ಆಲ್-ಇನ್-ಒನ್‌ನಲ್ಲಿ. ಇನ್ನೊಮ್ಮೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಸಾಫ್ಟ್‌ವೇರ್‌ನಲ್ಲಿ. (ಟೊಪಾಜ್ ಕಂಪನಿ 2022ರಲ್ಲಿ ಈ ಮೂರು ಕೆಲಸಗಳನ್ನು ಫೋಟೋ ಎಐ ಎಂಬ ಒಂದರಲ್ಲೇ ತಂದಿತು. ನಾನು ಬಳಸಿದವು ಬೇರೆ ಕಂಪನಿಗಳವು.)

ಹಕ್ಕಿಯ ಚಿತ್ರದಲ್ಲಿ ಆಲ್-ಇನ್-ಒನ್ ಮೊದಲ ನೋಟಕ್ಕೇ ಮನಸ್ಸು ಗೆದ್ದಿತು. ಹಕ್ಕಿ ಎಲ್ಲಿದೆ ಎಂದು ತಾನೇ ಗುರುತಿಸಿ, ಹಿನ್ನೆಲೆಯ ನಾಯ್ಸನ್ನೆಲ್ಲ ತೆಗೆದುಹಾಕಿತ್ತು. 100%ಗೆ ಹಿಗ್ಗಿಸಿ ನೋಡಿದರೆ ಮಾತ್ರ ಎದೆಯ ಪುಕ್ಕಗಳು ಮೇಣ ಬಳಿದಂತೆ ಕಂಡವು. ಹಕ್ಕಿ ಅಲುಗಾಡಿ ಬಂದ ಮಸುಕನ್ನು ಅದು ಫೋಕಸ್ ತಪ್ಪಿದ್ದೆಂದು ಎಣಿಸಿತ್ತು. ಬೇರೆ ಶಾರ್ಪನಿಂಗ್ ಸಾಫ್ಟ್‌ವೇರ್‌ನಲ್ಲಿ ಮಸುಕಿನ ಬಗೆಯನ್ನು ನಾನೇ ಆರಿಸಿದೆ, ಪುಕ್ಕದ ಎಳೆ ಉಳಿಯಿತು.

ಬೇರೆ ಬೇರೆ ಬಳಸುವಾಗ ಕ್ರಮ ತಪ್ಪಬಾರದು. ಮೊದಲು ಶಾರ್ಪ್ ಮಾಡಿದರೆ ನಾಯ್ಸ್ ಕೂಡ ಹರಿತವಾಗುತ್ತದೆ, ಆಮೇಲೆ ಅದನ್ನು ತೆಗೆಯಲು ಹೋದರೆ ವಿವರವೂ ಜೊತೆಗೇ ಹೋಗುತ್ತದೆ. ಆದ್ದರಿಂದ ನಾಯ್ಸ್ ಮೊದಲು, ಅದೂ ಸಾಧ್ಯವಾದರೆ ರಾ ಫೈಲ್‌ನಲ್ಲೇ, ಅಂದರೆ ಸೆನ್ಸರ್ ದಾಖಲಿಸಿದ ಕಚ್ಚಾ ಮಾಹಿತಿಯ ಫೈಲ್‌ನಲ್ಲೇ. ಅಲ್ಲಿ ಸೆನ್ಸರ್‌ನ ಒಂದೊಂದು ಬಿಂದುವಿನಲ್ಲೂ ಒಂದೇ ಬಣ್ಣದ ಮಾಹಿತಿ ಇರುತ್ತದೆ. ಉಳಿದ ಬಣ್ಣಗಳನ್ನು ಲೆಕ್ಕಹಾಕಿ ತುಂಬುವಾಗ ನಾಯ್ಸ್ ಅಕ್ಕಪಕ್ಕಕ್ಕೆ ಹರಡುವ ಮುನ್ನವೇ ಹಿಡಿಯಬಹುದು. ದೊಡ್ಡದು ಮಾಡುವುದು ಕೊನೆಗೆ.

ಇದಕ್ಕೆ ತೆರುವ ಬೆಲೆ ಡಿಸ್ಕ್‌ನ ಜಾಗ ಮತ್ತು ನಮ್ಮ ಹೊತ್ತು. 24 ಮೆಗಾಪಿಕ್ಸೆಲ್ ಚಿತ್ರದ 16 ಬಿಟ್ ಟಿಫ್ ಫೈಲ್ ಕಂಪ್ರೆಸ್ ಮಾಡದಿದ್ದರೆ ಸುಮಾರು 144 ಎಂಬಿ, ಪ್ರತಿ ಹಂತಕ್ಕೂ ಅಂಥದ್ದೊಂದು. ಜಾಗ ಉಳಿಸಲು ನಡುವೆ ಜೆಪಿಇಜಿ ಮಾಡಬೇಡಿ, ಸೇವ್ ಮಾಡಿದಷ್ಟು ಸಲವೂ ಗುಣಮಟ್ಟ ಇಳಿಯುತ್ತದೆ. ಒಂದು ಸಮಾರಂಭದ ಮುನ್ನೂರು ಫೋಟೋಗಳಿದ್ದರೆ ನಾನು ಎರಡನೇ ಮಾತಿಲ್ಲದೆ ಆಲ್-ಇನ್-ಒನ್ ತೆರೆಯುತ್ತೇನೆ.

ಅಜ್ಜಿಯ ಫೋಟೋದಲ್ಲಿ ಮಾತ್ರ ನನಗೆ ನಿಜವಾಗಿಯೂ ಸಂಕಟವಾಯಿತು. ಆಲ್-ಇನ್-ಒನ್ ಮುಖ ಕಂಡ ಕೂಡಲೇ ಅದನ್ನು ಸರಿಪಡಿಸುವ ಸೌಲಭ್ಯವನ್ನೂ ತಾನೇ ಹಚ್ಚಿತು. ಕಣ್ಣು ಫಳಫಳ ಹೊಳೆಯಿತು, ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಆದರೆ ಅವು ಅಜ್ಜಿಯ ಕಣ್ಣುಗಳಲ್ಲ. ಅಷ್ಟು ಚಿಕ್ಕ ಸ್ಕ್ಯಾನ್‌ನಲ್ಲಿ ಇಲ್ಲದ ವಿವರವನ್ನು ಅದು ತಾನು ಕಲಿತ ಬೇರೆ ಮುಖಗಳಿಂದ ಊಹಿಸಿ ತುಂಬಿತ್ತು. ಆ ಸೌಲಭ್ಯವನ್ನು ಆಫ್ ಮಾಡಬಹುದು ಎಂದು ಆಮೇಲೆ ಗೊತ್ತಾಯಿತು, ನೀವು ಮೊದಲೇ ಆಫ್ ಮಾಡಿಟ್ಟುಕೊಳ್ಳಿ. ನಾನು ದೊಡ್ಡದು ಮಾಡುವ ಸಾಫ್ಟ್‌ವೇರ್ ಒಂದನ್ನೇ ಬಳಸಿ, ಎರಡು ಪಟ್ಟಿಗೆ ನಿಲ್ಲಿಸಿ, ಆ ಚೂರು ಮಸುಕನ್ನು ಹಾಗೇ ಬಿಟ್ಟು ಪ್ರಿಂಟ್ ಹಾಕಿಸಿದೆ.