ಮೂರು ಗನ್ನು, ಮೂರು ಬಾಗಿಲು: ಸಣ್ಣ ಶೆಡ್ಡಿಗೆ ಯಾವ ಸ್ಪ್ರೇ ಗನ್ ಸರಿ?

ಎಚ್‌ವಿಎಲ್‌ಪಿ (ಜಾಸ್ತಿ ಗಾಳಿ, ಕಡಿಮೆ ಒತ್ತಡದ) ಸ್ಪ್ರೇ ಗನ್ ತಂದ ಮೊದಲ ವಾರ ನಾನು ಕಾರಿಗೆ ಹೊಡೆದ ಕ್ಲಿಯರ್ ಕೋಟು (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಕಿತ್ತಳೆ ಸಿಪ್ಪೆಯ ಹಾಗೆ ಎದ್ದು ಬಂತು. ಅದೇ ಕ್ಲಿಯರ್, ಅದು ಗಟ್ಟಿಯಾಗಲು ಬೆರೆಸುವ ಅದೇ ಹಾರ್ಡನರ್. ಹಿಂದಿನ ವಾರ ಹಳೆಯ ಗನ್ನಿನಲ್ಲಿ ಕನ್ನಡಿಯ ಹಾಗೆ ಕೂತಿತ್ತು. ಹೊಸ ಗನ್ನಿನಲ್ಲೇ ದೋಷ ಅಂತ ವಾಪಸ್ ಕೊಡಲು ಹೊರಟಿದ್ದೆ. ಹೊರಡುವ ಮುಂಚೆ ಒಂದು ಸಲ ಸರಿಯಾಗಿ ಪರೀಕ್ಷೆ ಮಾಡೋಣ ಅನ್ನಿಸಿತು.

ಹಾಸನದ ಗುಜರಿಯಿಂದ ಒಂದೇ ಮಾದರಿ ಕಾರಿನ ಮೂರು ಬಾಗಿಲು ತಂದೆ. ಮೂರಕ್ಕೂ ಒಂದೇ ಪ್ರೈಮರ್ ಹಾಕಿ, 800ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ) ಹೊಡೆದೆ. ಬಣ್ಣ ಸಿಲ್ವರ್ ಮೆಟಾಲಿಕ್. ಬೇಕಂತಲೇ ಅದನ್ನು ಆರಿಸಿದೆ. ಬಿಳಿ ಬಣ್ಣ ತಪ್ಪನ್ನು ಮುಚ್ಚುತ್ತದೆ, ಸಿಲ್ವರ್ ಎಲ್ಲವನ್ನೂ ತೋರಿಸುತ್ತದೆ.

ಮೊದಲನೆಯದು ಕೆಳಗೆ ಡಬ್ಬಿ ಇರುವ ಹಳೆಯ ಸಕ್ಷನ್ ಗನ್. ನಾನು ಕೆಲಸ ಕಲಿತದ್ದೇ ಇದರಲ್ಲಿ. 45 ಪೌಂಡ್ (ಪಿಎಸ್ಐ) ಒತ್ತಡದ ಗಾಳಿ, ಬಾಗಿಲಿಂದ ಒಂದು ಗೇಣು ದೂರ. ಬಣ್ಣ ನುಣ್ಣಗೆ ಒಡೆದು, ಚೆನ್ನಾಗಿ ಹರಡಿಕೊಂಡಿತು. ಆದರೆ ಗಾಳಿಯ ರಭಸಕ್ಕೆ ಬಣ್ಣ ಬಾಗಿಲಿಗೆ ಬಡಿದು ವಾಪಸ್ ಹಾರುತ್ತದೆ. ಬೇಸಿನ (ಕ್ಲಿಯರಿನ ಕೆಳಗೆ ಹೊಡೆಯುವ ಬಣ್ಣದ) ಮೂರು ಕೋಟಿಗೆ 410 ಮಿ.ಲೀ. ಹೋಯಿತು. ಹಾರಿದ ಬಣ್ಣ ಎಲ್ಲಿ ಹೋಯಿತು ಅಂತ ನೋಡಬೇಕಾದರೆ ನೆಲ ನೋಡಿದರೆ ಸಾಕು, ಬೆಳ್ಳಿ ಧೂಳು. ಇನ್ನೊಂದು ಕಷ್ಟವೂ ಇದೆ. ಬಾಗಿಲಿನ ಕೆಳ ಅಂಚಿಗೆ ಗನ್ ವಾಲಿಸಿದರೆ ಡಬ್ಬಿ ನೆಲಕ್ಕೆ ತಾಗುತ್ತದೆ, ಬಣ್ಣ ಕಡಿಮೆ ಇದ್ದರೆ ಉಸಿರು ಕಟ್ಟಿದ ಹಾಗೆ ಬಿಟ್ಟು ಬಿಟ್ಟು ಬರುತ್ತದೆ.

ಎರಡನೆಯದು ಎಚ್‌ವಿಎಲ್‌ಪಿ, 1.3 ಎಂಎಂ ನಾಜಲ್, ಡಬ್ಬಿ ಮೇಲೆ. ಗಾಳಿ ಜಾಸ್ತಿ, ಒತ್ತಡ ಕಡಿಮೆ, ಇದರ ಗುಟ್ಟೇ ಅದು. ಮೂತಿಯ ಹತ್ತಿರ ಒತ್ತಡ 10 ಪೌಂಡ್ ಮೀರಬಾರದು. ಕ್ಯಾಲಿಫೋರ್ನಿಯಾದಲ್ಲಿ ಗಾಳಿ ಕೆಡದಿರಲಿ ಅಂತ ತಂದ ನಿಯಮಗಳಿಂದ ಈ ಗನ್ನುಗಳು ಎಲ್ಲ ಕಡೆ ಹರಡಿದವು. ಹೊಡೆದ ಬಣ್ಣದಲ್ಲಿ ಕನಿಷ್ಠ ಶೇ 65 ಭಾಗ ಮೈಮೇಲೆ ಕೂರಬೇಕು ಅನ್ನುವುದು ಅಲ್ಲಿನ ಲೆಕ್ಕ. ನನ್ನ ಬಾಗಿಲಿಗೆ 280 ಮಿ.ಲೀ. ಸಾಕಾಯಿತು. ಉಳಿದ ಬಣ್ಣ ನೋಡಿ ಖುಷಿಯಾಯಿತು. ಆದರೆ ಕ್ಲಿಯರ್ ಮತ್ತೆ ಕಿತ್ತಳೆ ಸಿಪ್ಪೆ.

ಈ ಸಲ ಗಾಳಿ ಒಳಗೆ ಹೋಗುವ ಗನ್ನಿನ ಬುಡಕ್ಕೇ ಒಂದು ಗೇಜ್ ಹಾಕಿದ್ದೆ. ಮೂತಿಗಿಂತ ಇಲ್ಲಿ ಒತ್ತಡ ಜಾಸ್ತಿಯೇ ಇರುತ್ತದೆ. ಸುಮ್ನೆ ಇದ್ದಾಗ 29 ಪೌಂಡ್ ತೋರಿಸುತ್ತಿತ್ತು. ಟ್ರಿಗ್ಗರ್ ಒತ್ತಿ ಹಿಡಿದೆ. ಮುಳ್ಳು 24ಕ್ಕೆ ಬಂತು, ಬಾಗಿಲಿನ ಅರ್ಧಕ್ಕೆ ಹೋಗುವಷ್ಟರಲ್ಲಿ 18. ಟ್ಯಾಂಕಿನ ಗೇಜಿನಲ್ಲಿ ಮಾತ್ರ 90 ಇದೆ! ಈ ಗನ್ನಿಗೆ ನಿಮಿಷಕ್ಕೆ 12–13 ಘನ ಅಡಿ ಗಾಳಿ ಬೇಕು. ನನ್ನ 2 ಎಚ್‌ಪಿ ಕಂಪ್ರೆಸರ್ ಕೊಡುವುದು ಏಳೆಂಟು. ಅದರ ಮೇಲೆ ಪೈಪು ಬರೀ 6 ಎಂಎಂ. ಗಾಳಿ ಸಾಲದೆ ಬಣ್ಣ ದಪ್ಪ ಹನಿಯಾಗಿ ಬಿದ್ದು, ಹರಡಿಕೊಳ್ಳುವ ಮುಂಚೆ ಬಿಗಿಯುತ್ತಿತ್ತು. ಪಕ್ಕದ ಟೈರ್ ಅಂಗಡಿಯವರನ್ನು ಕೇಳಿ, ಅವರ 5 ಎಚ್‌ಪಿ ಕಂಪ್ರೆಸರಿನಿಂದ 10 ಎಂಎಂ ಪೈಪು ಎಳೆದೆ. ಅದೇ ಬಾಗಿಲನ್ನು ಉಜ್ಜಿ ಮತ್ತೆ ಕ್ಲಿಯರ್ ಹೊಡೆದೆ. ಮುಳ್ಳು 28 ಬಿಟ್ಟು ಅಲ್ಲಾಡಲಿಲ್ಲ. ಟ್ಯೂಬ್‌ಲೈಟಿನ ಗೆರೆ ಬಾಗಿಲಿನ ಮೇಲೆ ನೇರವಾಗಿ ಕಂಡಿತು. ಆ ಹೊತ್ತಿಗೆ ಆದ ಸಮಾಧಾನ ಹೇಳತೀರದು.

ಮೂರನೆಯದು ಎಲ್‌ವಿಎಲ್‌ಪಿ. ಕಡಿಮೆ ಗಾಳಿ, ಕಡಿಮೆ ಒತ್ತಡ. ನನ್ನ ಕಂಪ್ರೆಸರಿಗೆ ಹೇಳಿ ಮಾಡಿಸಿದ ಹಾಗಿದೆ. 290 ಮಿ.ಲೀ. ಬಣ್ಣ, ಕ್ಲಿಯರ್ ಕೂಡ ಚೆನ್ನಾಗಿ ಕೂತಿತು. ಬಣ್ಣ ಹರಡುವ ಬೀಸು ಸ್ವಲ್ಪ ಕಿರಿದು, ಕೈ ನಿಧಾನ ಆಗಬೇಕು. ಬಾಗಿಲು, ಬಂಪರಿಗೆ ತೊಂದರೆ ಇಲ್ಲ. ಬಾನೆಟ್, ರೂಫ್ ಹೊಡೆಯುವಾಗ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಮೊದಲ ಗೆರೆ ಒಣಗಲು ಶುರುವಾಗುತ್ತದೆ. ಬೇಸಿಗೆಯಲ್ಲಂತೂ ನಿಧಾನವಾಗಿ ಒಣಗುವ ಥಿನ್ನರ್ ಹಾಕಲೇಬೇಕು.

ಮೂರೂ ಬಾಗಿಲು ಬಿಸಿಲಿಗೆ ಇಟ್ಟಾಗಲೇ ನಿಜವಾದ ಪಾಠ. ಒಂದೇ ಡಬ್ಬಿಯ ಬಣ್ಣ, ಮೂರು ಛಾಯೆ! ಸಕ್ಷನ್ ಗನ್ನಿನದು ತುಸು ಬೆಳ್ಳಗೆ, ಎಚ್‌ವಿಎಲ್‌ಪಿಯದು ತುಸು ಕಪ್ಪಗೆ. ಸಿಲ್ವರ್‌ನಲ್ಲಿ ಅಲ್ಯೂಮಿನಿಯಂ ಪುಡಿಯ ಚಿಕ್ಕ ಚಿಕ್ಕ ಹಾಳೆಗಳಿರುತ್ತವೆ. ಬಣ್ಣ ಒದ್ದೆಯಾಗಿ ಕೂತರೆ ಅವು ಒಳಗೆ ಮುಳುಗಿ ಓರೆಯಾಗುತ್ತವೆ, ಕಪ್ಪಗೆ ಕಾಣುತ್ತದೆ. ಒಣದಾಗಿ ಕೂತರೆ ಮೇಲೇ ಮಲಗಿ ಹೊಳೆಯುತ್ತವೆ. ಶೇಡ್ ಮ್ಯಾಚ್ ಆಗಲಿಲ್ಲ ಅಂತ ಬಣ್ಣ ಬೆರೆಸುವವರನ್ನು ಎಷ್ಟು ಸಲ ಬೈದಿದ್ದೇವೆ ಅಲ್ವಾ? ಅರ್ಧ ಸಲ ತಪ್ಪು ನಮ್ಮ ಗಾಳಿಯದು, ನಮ್ಮ ಕೈಯದು. ಅದಕ್ಕೇ ಗನ್ ಬದಲಾಯಿಸಿದ ದಿನ ಗಿರಾಕಿಯ ಕಾರು ಮುಟ್ಟಬೇಡಿ. ಒಂದು ತಗಡಿನ ಮೇಲೆ ಹೊಡೆದು, ಕ್ಲಿಯರ್ ಹಾಕಿ, ಒಣಗಿದ ಮೇಲೆ ಕಾರಿನ ಪಕ್ಕ ಹಿಡಿದು ನೇರವಾಗಿ, ಓರೆಯಾಗಿ ಎರಡೂ ಕಡೆಯಿಂದ ನೋಡಿ.

ಕೈಯ ವಿಷಯಕ್ಕೆ ಬಂದರೆ ಮೂರು ಗನ್ನಿಗೂ ನಿಯಮ ಒಂದೇ. ನನ್ನ ಮೇಸ್ತ್ರಿ ದಿನಾ ಹೇಳುತ್ತಿದ್ದರು: "ಮಣಿಕಟ್ಟು ತಿರುಗಿಸಬೇಡ ಮಗಾ, ಕಾಲಲ್ಲಿ ನಡಿ." ಮಣಿಕಟ್ಟು ತಿರುಗಿದರೆ ಗನ್ ನಡುವೆ ಹತ್ತಿರ, ಅಂಚಿನಲ್ಲಿ ದೂರ. ನಡುವೆ ಬಣ್ಣ ಇಳಿಯುತ್ತದೆ, ಅಂಚು ಒರಟಾಗುತ್ತದೆ. ಪ್ರತಿ ಗೆರೆ ಹಿಂದಿನ ಗೆರೆಯ ಅರ್ಧ ಮುಚ್ಚಬೇಕು. ಎಚ್‌ವಿಎಲ್‌ಪಿಯಲ್ಲಿ ಹಳೆಯ ಗನ್ನಿಗಿಂತ ನಾಲ್ಕು ಬೆರಳು ಹತ್ತಿರ ಹಿಡಿಯಬೇಕು, ಕೈಗೆ ಅದು ಒಗ್ಗಲು ನನಗೆ ಒಂದು ತಿಂಗಳು ಹಿಡಿಯಿತು.

ಮೇಸ್ತ್ರಿ ಮೂಗಿಗೆ ಕಟ್ಟುತ್ತಿದ್ದದ್ದು ಕರ್ಚೀಫು. ಈಗ ಅವರಿಗೆ ಎರಡು ಮೆಟ್ಟಿಲು ಹತ್ತಿದರೆ ಉಬ್ಬಸ. ಕ್ಲಿಯರಿನ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದರಿಂದ ಆಸ್ತಮಾ ಬರಬಹುದು, ಒಮ್ಮೆ ಮೈಗೆ ಆಗದಂತಾದರೆ ಆಮೇಲೆ ಚೂರು ಸೋಕಿದರೂ ಉಸಿರು ಕಟ್ಟುತ್ತದೆ. ಎಚ್‌ವಿಎಲ್‌ಪಿಯಲ್ಲಿ ಹಾರುವ ಬಣ್ಣ ಕಡಿಮೆ, ನಿಜ. ಆದರೂ ಬಟ್ಟೆಯ ಮಾಸ್ಕ್ ಏನೇನೂ ಸಾಲದು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಎಲ್ಲಕ್ಕಿಂತ ಒಳ್ಳೆಯದು. ಗನ್ನಿಗೆ ದುಡ್ಡು ಎತ್ತಿಡುವ ಮುಂಚೆ ಅದಕ್ಕೆ ಎತ್ತಿಡಿ. ಕೈಗೆ ಗ್ಲೌಸ್ ಕೂಡ ಬೇಕು.

2 ಎಚ್‌ಪಿ ಕಂಪ್ರೆಸರ್ ಇರುವವರಿಗೆ ನನ್ನ ಮಾತು ಎಲ್‌ವಿಎಲ್‌ಪಿ. 5 ಎಚ್‌ಪಿ, ದಪ್ಪ ಪೈಪು, ನೀರು ಹಿಡಿಯುವ ಫಿಲ್ಟರ್ ಮೂರೂ ಇದ್ದರೆ ಕಣ್ಣುಮುಚ್ಚಿ ಎಚ್‌ವಿಎಲ್‌ಪಿ ತಗೊಳ್ಳಿ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಟ್ಯಾಂಕಿನ ನೀರು ಬಿಡುವುದನ್ನು ಮರೆಯಬೇಡಿ. ನಾನು ಎಲ್‌ವಿಎಲ್‌ಪಿ ಇಟ್ಟುಕೊಂಡಿದ್ದೇನೆ. ರೂಫ್ ಇದ್ದ ದಿನ ಟೈರ್ ಅಂಗಡಿಯಿಂದ ಪೈಪು ಎಳೆದು ಎಚ್‌ವಿಎಲ್‌ಪಿ ಹಿಡಿಯುತ್ತೇನೆ. ಹಳೆಯ ಸಕ್ಷನ್ ಗನ್ನಿಗೆ 1.8 ನಾಜಲ್ ಹಾಕಿ ಪ್ರೈಮರಿಗೆ ಬಿಟ್ಟಿದ್ದೇನೆ, ಅಲ್ಲಿ ಅದು ಇವತ್ತಿಗೂ ಗಟ್ಟಿ.